ಬಾವಿಯ ಗೋಡೆಯ ಗೆರೆಗಳು

ಹಿರೇವಡ್ಡಟ್ಟಿಯ ಹೊಸ ಬಾವಿಯ ಹತ್ತನೆಯ ಮೆಟ್ಟಿಲ ಮೇಲೆ ನೀಲಗಂಗಾ ಕುಸಿದು ಕೂತಳು. ಗದಗಿನಿಂದ ಮುಂಡರಗಿಗೆ ಬಸ್ಸು, ಅಲ್ಲಿಂದ ಚಕ್ಕಡಿ, ಮೈ ನುಗ್ಗುನುರಿಯಾಗಿತ್ತು. ಬಂದದ್ದು ತನ್ನ ಪ್ರಬಂಧಕ್ಕೆ ಬೇಕಾದ, ಬಾವಿಯ ಗೋಡೆಯ ಒಂದು ಫೋಟೋಗಾಗಿ.

ಈ ಗೋಡೆಯ ಜೇಡಿಮಣ್ಣಿನ ಪಟ್ಟಿ ಒಂದಾನೊಂದು ಕಾಲದ ಸರೋವರದ ತಳವೆಂದು ಭೂವಿಜ್ಞಾನ ಓದಿದ ಅವಳು ಬರೆದಿದ್ದಳು. ನೀರು ಕುಡಿದರೆ ಉಬ್ಬುವ ಜಾತಿಯ ಜೇಡಿ ಇದೆಂದು ಮುಂಬಯಿಯ ಕ್ಷ-ಕಿರಣ ಪರೀಕ್ಷೆಯೂ ಹೇಳಿತ್ತು. ಮೇಲೆ ಸಾಲುಸಾಲು ಗೆರೆಗಳು ಬೇರೆ. ನಿಂತ ನೀರು ವರ್ಷವರ್ಷವೂ ಇಳಿಸಿದ ಪದರುಗಳೆಂದು ಅವಳು ನಂಬಿದ್ದಳು. ಸೋಮವಾರ ಅವಳಿಗೆ ಕಲಿಸಿದ ವಿರೂಪಾಕ್ಷಪ್ಪ ಮಾಸ್ತರರು ಧಾರವಾಡದ ವಿಜ್ಞಾನಿಗಳ ಸಭೆಯಲ್ಲಿ ಆ ಪ್ರಬಂಧ ಓದುವವರಿದ್ದರು. ಗದಗು ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿ ಹದಿನೈದು ದಿನ. ಸಭೆ ಮೆಚ್ಚಿದರೆ ಹೊಸ ಸರಕಾರದ ನೌಕರಿಗೆ ಅವಳ ಹೆಸರು ಹೋಗುತ್ತಿತ್ತು.

ಬಾವಿ ತೋಡುವಾಗ ಮಣ್ಣು ಹೊತ್ತಿದ್ದ ಹುಚ್ಚವ್ವ ಕೊಡ ಇಳಿಸಿ ನಿಂತಳು. “ಏನ ತಂಗಿ, ಆ ಗ್ವಾಡಿ ಜೋಡಿ ಮದುವಿ ಗೊತ್ತಾಗೇತೇನು? ಮತ್ತ ಬಂದೀ!”

“ಈ ಪಟ್ಟಿ ಲಕ್ಷಾಂತರ ವರ್ಷದ್ದು ಯವ್ವಾ.”

“ಇದಾ?” ಹುಚ್ಚವ್ವ ಹೊಟ್ಟೆ ಹಿಡಿದು ನಕ್ಕಳು. “ಹ್ವಾದ ಬ್ಯಾಸಗ್ಯಾಗ ನಾನ ಮೆತ್ತಿದ್ದವ್ವಾ! ಗ್ವಾಡಿ ಉದರತಿತ್ತು. ಕೆರಿ ಮಣ್ಣ ತಂದು, ನಾದಿ, ಬಡದೀನಿ.”

ಹುಚ್ಚವ್ವ ಗೆರೆಗಳ ಮೇಲೆ ತನ್ನ ನಾಲ್ಕು ಬೆರಳಿಟ್ಟು ಎಳೆದಳು. ಬೆರಳಿಗೊಂದು ಗೆರೆ, ಒಂದೂ ತಪ್ಪಲಿಲ್ಲ.

ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಎರೆಸೀಮೆಯ ಕೆರೆಯ ಮಣ್ಣೂ ಉಬ್ಬುವ ಜೇಡಿಯೇ. ಮಾದರಿ ತೆಗೆಯಲು ಬಂದ ದಿನ ದಣಿದಿದ್ದ ನೀಲಗಂಗಾ ಕೈಗೆ ನಿಲುಕಿದ್ದನ್ನೇ ಕೆರೆದು ಕಳಿಸಿದ್ದಳು. ಗೇಣು ಒಳಗೆ ಅಗೆದಿದ್ದರೆ ಸಾಕಿತ್ತು.

“ಮಾರಿ ಯಾಕ ಸಣ್ಣದಾತು? ನಾ ಏನರ ಕೆಡಿಸಿದ್ನೇನು?”

“ಇಲ್ರಿ ಯವ್ವಾ. ಚಲೋ ಮೆತ್ತೀರಿ.”

ಮಾಸ್ತರರು ಈ ಬಾವಿಗೆ ಬರುವವರಲ್ಲ. ಹುಚ್ಚವ್ವ ಧಾರವಾಡದ ಸಭೆಗೆ ಹೋಗುವವಳಲ್ಲ. ಸುಮ್ಮನಿದ್ದರೆ ಮುಗಿಯಿತು. ಆದರೆ ನೀಲಗಂಗಾ ಎದ್ದಳು. ಚೀಲದಿಂದ ಸುತ್ತಿಗೆ ತೆಗೆದು ಪಟ್ಟಿಗೆ ಹೊಡೆದಳು. ಹೆಂಟೆ ಕಳಚಿ ಬಿತ್ತು. ಒಳಗೆ ಸರೋವರವಿರಲಿಲ್ಲ, ಕೊಳೆತು ಪುಡಿಯಾದ ಕಲ್ಲಿತ್ತು. ಅದರದೊಂದು ಮುಷ್ಟಿ ಚೀಲಕ್ಕೆ ಹಾಕಿಕೊಂಡಳು.

“ಅಯ್ಯ, ಕಿತ್ತೆಲ್ಲ ಹುಡುಗಿ! ಮತ್ತ ಯಾರು ಮೆತ್ತಬೇಕು?”

“ನಾನ ಮೆತ್ತತೀನಿ, ತೋರಸ್ರಿ.”

ಇಬ್ಬರೂ ಬಿದ್ದ ಮಣ್ಣು ನೆನೆಸಿ, ನಾದಿ, ಮೆತ್ತಿದರು. ಗೋಡೆಯ ಮೇಲೆ ಈಗ ಎರಡು ಅಳತೆಯ ಬೆರಳ ಗೆರೆಗಳು.

“ಯವ್ವಾ, ಮುಂಡರಗ್ಯಾಗ ತಾರ್ ಆಫೀಸು ಎಷ್ಟೊತ್ತಿನ ತನಕ ಇರತೈತಿ?”

“ಐದರ ತನಕ ಅಂತಾರ. ಯಾರಿಗೆ ಖಬರ?”

“ನಮ್ಮ ಮಾಸ್ತರಿಗೆ. ಓದಬ್ಯಾಡ್ರಿ ಅಂತ.”

“ಹಂಗಾರ ಜಲ್ದಿ ಕೈ ತೊಳಕೋ,” ಎಂದು ಹುಚ್ಚವ್ವ ಕೊಡ ಬಗ್ಗಿಸಿದಳು.