ಥಾಯ್ಲಂಡದ ಹುಡುಗ್ರು, ಮೂಡಲಗಿ ಸೋದರತ್ತಿ

ನನಗ ಸಿಟ್ಟು ಲಗೂನ ಬರ್ತೈತಿ, ಇದನ್ನ ಮದ್ಲ ಹೇಳಿಬಿಡ್ತೇನಿ. ಮೂಡಲಗ್ಯಾಗ ಬ್ಲೌಸ್ ಹೊಲಿಯೋ ಇಂದ್ರವ್ವ ಅಂದ್ರ ಹೆಂಗಸ್ರು "ಕೈ ಛಂದ, ಬಾಯಿ ಖಾರ" ಅಂತಾರ. ಅನ್ಲಿ. ಸಿಟ್ಟು ಬಂದದ್ದೆಲ್ಲಾ ಸುಳ್ಳಿರಂಗಿಲ್ಲ. ಥಾಯ್ಲಂಡದ ಧಾರಾವಾಹಿ ಮ್ಯಾಲ ನನಗ ಬಂದ ಸಿಟ್ಟಂತೂ ಖರೇನ ಐತಿ.

ಈ ಚಟಾ ಹಚ್ಚಿದಾಕಿ ಸಮ್ರೀನ. ಬಾಜೂ ಓಣಿ ಹುಡುಗಿ, ನನ್ನ ಅಂಗಡ್ಯಾಗ ಕುಂತು ಬ್ಲೌಸಿನ ಮ್ಯಾಲ ಮಣಿ ಕೆಲಸಾ ಮಾಡ್ತಾಳ. ಮಧ್ಯಾಹ್ನ ಊಟಾ ಆದ ಮ್ಯಾಲ ಗಿರಾಕಿ ಇರಂಗಿಲ್ಲ. ಆವಾಗ ಆಕಿ ಮೊಬೈಲ್ ತಗದು ನೂಲಿನ ಡಬ್ಬಿಗಿ ಆನಿಸಿ ಇಡ್ತಾಳ. ಥಾಯ್ಲಂಡ, ಕೊರಿಯಾ, ಜಪಾನ, ತೈವಾನ, ಎಲ್ಲಾ ಕಡಿದೂ ನೋಡ್ತೇವಿ. ಹುಡುಗ ಹುಡುಗನ್ನ ಪ್ರೀತಿ ಮಾಡೋ ಕತಿ. ಕೆಳಗ ಬರೋ ಇಂಗ್ಲಿಷ್ ಅಕ್ಷರಾ ಓದಿ ಆಕಿ ಕನ್ನಡದಾಗ ಹೇಳ್ತಾಳ, ನಾ ಹುಕ್ಕು ಹಚ್ಕೋಂತ ಕೇಳ್ತೇನಿ. ಮದ್ಲನೇ ದಿನಾ "ಇದೇನ ಹುಚ್ಚಾಟ, ಬಂದ್ ಮಾಡ" ಅಂದಿದ್ನಿ. ಮರುದಿನಾ "ನಿನ್ನಿ ಆ ಚಸ್ಮಾ ಹುಡುಗಂದು ಏನಾತು?" ಅಂತ ನಾನ ಕೇಳಿದ್ನಿ. ಸಮ್ರೀನ ನಕ್ಕು ನಕ್ಕು ಬೆರಳಿಗಿ ಸೂಜಿ ಚುಚ್ಕೊಂಡ್ಳು.

ಈಗ ನನಗ ಕೇಳ್ರಿ, ಯಾವದು ಗೆಲ್ತೈತಿ, ಯಾವದು ಸೋಲ್ತೈತಿ, ಎರಡು ಭಾಗ ನೋಡಿ ಹೇಳ್ತೇನಿ. ಹುಡುಗ್ರ ಮಾರಿ ಬೆಳ್ಳಗ ಇದ್ರ ಸಾಕು ಅಂತ ತಿಳ್ಕೊಂಡು ಮಾಡಿದ್ದು ಸೋಲ್ತೈತಿ. ಕಾಲೇಜಿನ ಅಂಗಿ ಹಾಕ್ಕೊಂಡು ಒಂದ ದಿನಾನೂ ಪುಸ್ತಕಾ ತಗಿಯಂಗಿಲ್ಲ, ಕೆಲಸಿಲ್ಲ ಬೊಗಸಿಲ್ಲ, ನಡುನಡುವ ಮಾರಿಗಿ ಹಚ್ಚೋ ಕ್ರೀಮ್ ಹಿಡದು ಜಾಹೀರಾತು ಬ್ಯಾರೆ. ಬ್ಯಾಡ ಅಂದವನ್ನ ಗ್ವಾಡಿಗಿ ಒತ್ತಿ ಹಿಡದು ಮುದ್ದು ಕೊಡ್ತಾನ, ಅದನ್ನ ಪ್ರೀತಿ ಅಂತಾರ. ನಾ ಅಲ್ಲಿದ್ರ ಕತ್ತರಿ ತಗೊಂಡು ಹೋಗ್ತಿದ್ನಿ. ಚೀನಾದ್ದು ಬಾಯಿ ಕಟ್ಟಿ ಮಾಡಿದ್ದು. ಒಬ್ಬನ ಸಲುವಾಗಿ ಒಬ್ಬ ಜೀವಾ ಕೊಡ್ತಾನ, ಕಡೀಕ ನೋಡಿದ್ರ ಬರೇ ಗೆಳ್ಯಾರಂತ. ಅಲ್ಲಿ ಸರಕಾರ ಬಿಡಂಗಿಲ್ಲ ಅಂತ ಸಮ್ರೀನ ಹೇಳ್ತಾಳ, ಪಾಪ, ಮಾಡೋರರ ಏನ ಮಾಡ್ಯಾರು. ಕೊರಿಯಾದ್ದು ಬಾಯಿಗಿ ರುಚಿ ಹತ್ತೂದ್ರಾಗ ಮುಗದ ಹೋಗ್ತೈತಿ. ನನಗ ಸೇರೂದು ಜಪಾನದ್ದು. ಒಬ್ಬ ಅಡಗಿ ಮಾಡ್ತಾನ, ಇನ್ನೊಬ್ಬ ಉಣ್ತಾನ, ಅರ್ಧಾ ತಾಸು ಏನೂ ಆಗಂಗಿಲ್ಲ. ಆದ್ರ ತಾಟು ತೊಳಿಯೋಮುಂದ ಅವ ಇವನ ಅಂಗಿ ತೋಳು ಮಡಚಿ ಕೊಡ್ತಾನ ನೋಡ್ರಿ, ನನ್ನ ಎದಿ ಝಲ್ ಅಂತೈತಿ.

ಎಲ್ಲಾಕಿಂತ ಸಿಟ್ಟು ಬರೂದು ಥಾಯ್ಲಂಡದ ಕತ್ಯಾಗಿನ ಹುಡುಗಿ ವಿಷಯದಾಗ. ಕತಿ ಮುಂದ ಹೋಗವಲ್ದು ಅಂದ ಕೂಡ್ಲೆ ಒಬ್ಬಾಕಿನ್ನ ತರ್ತಾರ, ಮನಿಯವ್ರು ನೋಡಿದ ಹೆಣ್ಣು. ಆಕಿಗಿ ಊರಿಲ್ಲ, ಕೆಲಸಿಲ್ಲ, ಒಬ್ಬಾಕಿ ಗೆಳತಿ ಇಲ್ಲ. ಇವ ಆಕಿಗಿ ಹ್ಞೂಂ ಅಂತಾನ, ಉಂಗುರಾ ಹಾಕ್ತಾನ, ಕಡೀ ಭಾಗದಾಗ ಗೆಳ್ಯಾನ ಕಡಿ ಓಡಿ ಹೋಗ್ತಾನ. ದೊಡ್ಡ ಸಂಗೀತ. ಆ ಹುಡುಗಿ ಏನಾದ್ಲು ಅಂತ ಯಾರೂ ಕೇಳಂಗಿಲ್ಲ. "ಇವ್ರ ಕತಿ ಛಂದ ಆಗಬೇಕಂತ ಆಕಿನ್ನ ಯಾಕ ಹಾಳ ಮಾಡ್ತಾರ?" ಅಂತ ನಾ ಒದರಿದ್ರ, "ಮೌಶಿ, ಅದು ಬರೇ ನಾಟಕರಿ" ಅಂತಾಳ ಸಮ್ರೀನ. ನಾಟಕಾ ಮಾಡೋರಿಗಿ ಅಕ್ಕತಂಗೇರು ಇರಂಗಿಲ್ಲೇನು?

ನಮ್ಮ ಜೋಡಿ ಇನ್ನೊಬ್ಬ ನೋಡ್ತಿದ್ದ, ನನ್ನ ತಮ್ಮ ಯಲ್ಲಪ್ಪನ ಮಗ ಶ್ರೀಶೈಲ. ಊರು ಮಸಗುಪ್ಪಿ, ಕೆಲಸಾ ಗೋಕಾಕದಾಗ, ಹನಿ ನೀರಾವರಿ ಪೈಪಿನ ಅಂಗಡ್ಯಾಗ. ಸಣ್ಣಾಂವ ಇದ್ದಾಗನ ತಾಯಿ ತೀರ್ಕೊಂಡ್ಳು. ನನ್ನ ಮಗಳು ಸುಜಾತಾನ ಜೋಡಿ ನನ್ನ ಮನ್ಯಾಗ ಒಂದ ತಾಟಿನ್ಯಾಗ ಉಂಡು ಬೆಳದಾನ. ಮುಂದ ಅಪ್ಪನ ಕಡಿ ಹ್ವಾದ, ಮಸಗುಪ್ಪಿ ಮನ್ಯಾಗ ಈಗ ಇಬ್ರ ಇರ್ತಾರ. ಸೂಟಿ ಇದ್ದಾಗ ನನ್ನ ಅಂಗಡಿಗಿ ಬಂದು ಮೂಲ್ಯಾಗ ಕುಂತು ಮೊಬೈಲ್ ತಿಕ್ಕೋಂತ ಇರ್ತಿದ್ದ. ನೋಡಾಕತ್ತಿಲ್ಲ ಅಂತ ತೋರ್ಸೂದು, ನೋಡೂದು.

ಒಂದ ದಿನಾ ಕೇಳಿದ, "ಅತ್ತಿ, ಅವ್ರ ಮನ್ಯಾಗ ಗೊತ್ತಾದ ಮ್ಯಾಲ ಏನಾತು?"

ಧಾರಾವಾಹಿ ಸಲುವಾಗಿ ಯಾರೂ ಅಷ್ಟು ಅಂಜಿ ಕೇಳಂಗಿಲ್ಲ. ನಾ ಅವನ ಮಾರಿ ನೋಡಿದ್ನಿ. ಸಮ್ರೀನ ಶಾಣ್ಯಾಕಿ, "ಚಾ ತರ್ತೇನ್ರಿ" ಅಂತ ಎದ್ದು ಹ್ವಾದ್ಲು. ಶ್ರೀಶೈಲ ನೆಲಾ ನೋಡ್ಕೋಂತ ಎಲ್ಲಾ ಹೇಳಿದ. ಕುಲಗೋಡದ ಈಶ್ವರ, ದನದ ದವಾಖಾನ್ಯಾಗ ಕೆಲಸಾ ಮಾಡೋ ಹುಡುಗ, ನಾ ಇವನ ಬರೇ ಗೆಳ್ಯಾ ಅಂತ ತಿಳ್ಕೊಂಡಿದ್ದಾಂವ. ಅವನ ಬಿಟ್ಟು ಬ್ಯಾರೆ ಯಾರ ಜೋಡಿನೂ ಬಾಳೇ ಮಾಡಾಕ ಆಗಂಗಿಲ್ಲಂತ.

ಕೈಯಾಗಿನ ಸೂಜಿ ಕೆಳಗ ಇಟ್ನಿ. ಮೊಬೈಲಿನ್ಯಾಗ ನೋಡೂದು ಬ್ಯಾರೆ, ಮನ್ಯಾಗಿನ ಹುಡುಗ ಹೇಳೂದು ಬ್ಯಾರೆ. ಆದ್ರ ಅವ ಹಂಗ ಕುಂತದ್ದು ನೋಡಿ ನನಗ ಅಳು ಬಂತು. "ಊಟಾ ಮಾಡೀಯೇನು?" ಅಂತ ಕೇಳಿದ್ನಿ.

ಊಟಕ್ಕ ಕುಂತಾಗ ಇನ್ನೊಂದು ಹೇಳಿದ. ಬರೋ ಐತವಾರ ಅಪ್ಪ ಘೋಡಗೇರಿಗಿ ಹೆಣ್ಣು ನೋಡಾಕ ಹೊಂಟಾನ, ತಾನೂ ಹ್ಞೂಂ ಅಂದಾನಂತ.

ಆವಾಗ ಬಂತು ನೋಡ್ರಿ ನನ್ನ ಸಿಟ್ಟು. "ಹ್ಞೂಂ ಅಂದ್ಯಾ? ನಿನಗ ನಾಲಿಗಿ ಹೆಂಗ ಹೊಳ್ಳಿತು? ನಿನ್ನ ಮನಸು ಎಲ್ಲೆರ ಇರ್ಲಿ, ಅದಕ್ಕ ನಾ ಏನೂ ಅನ್ನಂಗಿಲ್ಲ. ಆ ಹುಡುಗಿ ನಿನಗ ಏನ ಮಾಡ್ಯಾಳ?"

"ಅಲ್ಲಿ ಹೋಗಿ ಮನಸಿಗಿ ಬರ್ಲಿಲ್ಲ ಅಂತೇನಿ, ಅತ್ತಿ."

"ಅಂದ್ರ ಆಕಿದು ಏನರ ಕಡಿಮಿ ಐತಿ ಅಂತ ಊರೆಲ್ಲಾ ಮಾತಾಡ್ಲಿ. ಐತವಾರದೊಳಗ ಅಪ್ಪಗ ಹೇಳು. ನೀನ ಹೇಳಬೇಕು, ನಾ ಹೇಳಂಗಿಲ್ಲ. ನಿನ್ನ ಮಾತು ನನ್ನ ಬಾಯಾಗ ಹಾಕಬ್ಯಾಡ."

"ಅಪ್ಪನ ಮುಂದ ಬಾಯಿ ಬರಂಗಿಲ್ಲ, ಅತ್ತಿ" ಅಂದ. ಆದ್ರೂ ಹೇಳ್ತೇನಿ ಅಂತ ಮಾತು ಕೊಟ್ಟು ಹ್ವಾದ. ಹೇಳ್ಲಿಲ್ಲ.

ಐತವಾರ ಯಲ್ಲಪ್ಪ ಕಾರು ತಗೊಂಡು ಬಂದ, ಹೊಸಾ ಧೋತರ ಉಟ್ಟು, ಮದುಮಗನಕಿಂತ ಹೆಚ್ಚು ಖುಷಿ. ಸೋದರತ್ತಿ ಇಲ್ದ ಹೆಣ್ಣು ನೋಡೋ ಶಾಸ್ತ್ರ ಆಗಂಗಿಲ್ಲ, ಹಿಂಗಾಗಿ ನಾನೂ ಹೊಂಟ್ನಿ. ಶ್ರೀಶೈಲ ನನ್ನ ಕಡಿ ನೋಡ್ಲಿಲ್ಲ.

ಘೋಡಗೇರ್ಯಾಗ ರಾಜಪ್ಪ ಅಂತ ಹುಡುಗಿ ತಂದಿ. ಮನಿ ಮುಂದ ಹಸರ ಪರದಿ ಕಟ್ಟಿದ ಕಬ್ಬಿನ ಸಸಿ ನರ್ಸರಿ. ಅದನ್ನ ನಡಸಾಕಿ ಮಗಳು ಶೋಭಾ. ಅವಲಕ್ಕಿ ತಂದು ಇಟ್ಟಾಗ ಆಕಿ ಕೈ ನೋಡಿದ್ನಿ, ತೊಳದ್ರೂ ಉಗರಿನ ಸಂದಿನ್ಯಾಗ ಮಣ್ಣು ಇತ್ತು. ತಲಿ ತಗ್ಗಿಸಿ ಕುಂಡ್ರು ಹುಡುಗಿ ಅಲ್ಲ. ಯಾವ ಸಸಿ ಯಾವ ಮಣ್ಣಿಗಿ ಹತ್ತತೈತಿ ಅಂತ ಯಲ್ಲಪ್ಪನ ಜೋಡಿ ಮಾತಾಡಿದ್ಲು. ಆಮ್ಯಾಲ ಶ್ರೀಶೈಲನ ಕಡಿ ತಿರಗಿ ನೇರ ಕೇಳಿದ್ಲು, "ನಿಮಗ ಈ ಸಂಬಂಧ ಮನಸಿಂದ ಐತೇನ್ರಿ? ಇಲ್ಲಂದ್ರ ಈಗ ಹೇಳ್ರಿ, ನಾ ಏನೂ ತಿಳ್ಕೊಳ್ಳಂಗಿಲ್ಲ."

ಇದಕಿಂತ ಛಲೋ ಬಾಗಲಾ ಯಾರು ತಗೀತಾರ? ಅವ ಅಪ್ಪನ ಮಾರಿ ನೋಡಿದ. ಅಪ್ಪ ನಕ್ಕೋಂತ ಕುಂತಿದ್ದ.

"ಐತ್ರಿ" ಅಂದ ಶ್ರೀಶೈಲ.

ಹುಡುಗಿ ಸಣ್ಣಗ ನಕ್ಕು ಒಳಗ ಹ್ವಾದ್ಲು. ರಾಜಪ್ಪ ಸಕ್ಕರಿ ತಾಟು ತರ್ಸಿದ. ಅದು ಹಂಚಿದ್ರ ಸಂಬಂಧ ಗಟ್ಟಿ ಆದಂಗ.

ನಮ್ಮ ಕಡಿ ತಮ್ಮನ ಮಗನ ಮ್ಯಾಲ ಸೋದರತ್ತಿ ಮಗಳದು ಮದ್ಲನೇ ಹಕ್ಕು. ಹೊರಗಿನ ಹೆಣ್ಣು ತರೋಮುಂದ, ಸಕ್ಕರಿ ಹಂಚೂಕಿಂತ ಮದ್ಲ ಹಿರ್ಯಾರು ಸೋದರತ್ತಿನ್ನ ಕೇಳಬೇಕು. ಆಕಿ "ಹಕ್ಕು ಬಿಟ್ಟೇನ್ರಿ" ಅನಬೇಕು, ಆಮ್ಯಾಲ ಆಕಿ ಉಡಿಗಿ ಕುಬಸದ ಬಟ್ಟಿ, ತೆಂಗಿನಕಾಯಿ. ಈಗಿನ ದಿನಮಾನದಾಗ ಅದು ಬರೇ ಶಾಸ್ತ್ರ. ನಕ್ಕೋಂತ ಕೇಳ್ತಾರ, ನಕ್ಕೋಂತ ಹೇಳ್ತಾರ. ರಾಜಪ್ಪನೂ ನಕ್ಕೋಂತ ಕೇಳಿದ, "ಸೋದರತ್ತೇರದು ಏನರ ಮಾತು ಐತೇನ್ರಿ?"

"ಐತ್ರಿ" ಅಂದ್ನಿ. "ನಾ ಹಕ್ಕು ಬಿಡಂಗಿಲ್ಲ. ನನ್ನ ಮನ್ಯಾಗೂ ಮಗಳದಾಳ."

ರಾಜಪ್ಪ ತಾಟು ಕೆಳಗ ಇಟ್ಟ. ನನಗ ಮಾರಿ ಎತ್ತಿ ನೋಡಾಕ ಆಗ್ಲಿಲ್ಲ, ಆದ್ರ ಬ್ಯಾರೆ ಹಾದಿ ಇರ್ಲಿಲ್ಲ. ಹುಡುಗ ಒಲ್ಲೆ ಅಂದ್ರ ಹುಡುಗಿಗಿ ಕೆಟ್ಟ ಹೆಸರು. ಸೋದರತ್ತಿ ಬಿಡ್ಲಿಲ್ಲ ಅಂದ್ರ ಸೋದರತ್ತಿಗಿ ಕೆಟ್ಟ ಹೆಸರು. ನಾಳಿ ಘೋಡಗೇರ್ಯಾಗ ನನ್ನ ಬೈತಾರ, ಶೋಭಾನ್ನ ಯಾರೂ ಏನೂ ಅನ್ನಂಗಿಲ್ಲ. ರಾಜಪ್ಪ ದೊಡ್ಡ ಮನಷ್ಯಾ. "ಸೋದರಿಕಿ ಇದ್ದಲ್ಲಿ ನಾವು ಕೈ ಹಾಕಂಗಿಲ್ರಿ" ಅಂದು ಬಾಗಲ ಮಟಾ ಬಂದು ಕಳಿಸಿದ. ಶೋಭಾ ಮಾತ್ರ ನನ್ನ ಬಿಡ್ಲಿಲ್ಲ. "ಮದ್ಲ ಹೇಳಬೇಕಿತ್ರಿ. ಸುಮ್ಮಸುಮ್ಮನ ಕೆಲಸಾ ಬಿಟ್ಟು ರೇಷ್ಮಿ ಸೀರಿ ಉಟ್ಟು ಕುಂತ್ನಿ" ಅಂದ್ಲು.

"ತಪ್ಪಾತವ್ವ" ಅಂದ್ನಿ.

ಕಾರಿನ್ಯಾಗ ತಮ್ಮ ನನ್ನ ಹಿಡದು ಬೈತಾನ ಅಂತ ಸೆರಗು ಬಿಗಿ ಮಾಡ್ಕೊಂಡು ಕುಂತಿದ್ನಿ. ಅವ ಬೈಲಿಲ್ಲ. ಊರು ದಾಟಿದ ಮ್ಯಾಲ ಕಾಲವಿ ದಂಡಿಗಿ ಕಾರು ನಿಂದರಸಿ ನನ್ನ ಕಡಿ ತಿರಗಿದ. ಕಣ್ಣಾಗ ನೀರು.

"ಅಕ್ಕಾ, ಇಷ್ಟು ದಿನಾ ಯಾಕ ಹೇಳ್ಲಿಲ್ಲ? ನನ್ನ ಮನಸಿನ್ಯಾಗೂ ಸುಜಾತಾನ ಇದ್ಲು. ಆಕಿ ಕಲತಾಕಿ, ಗೋಕಾಕದಾಗ ಲ್ಯಾಬಿನ್ಯಾಗ ನೌಕರಿ, ನೀ ಎಲ್ಲೆ ಬೈತೀಯೋ ಅಂತ ಅಂಜಿ ಬಾಯಿ ಬಿಟ್ಟಿರ್ಲಿಲ್ಲ."

ನಾ ಇದನ್ನ ಎಣಿಸಿರ್ಲಿಲ್ಲ. ಸೋದರತ್ತಿ ಹಕ್ಕು ಕೇಳಿದ್ರ ತಮ್ಮಗ ಅವಮಾನ ಆಗ್ತೈತಿ ಅಂತ ತಿಳ್ಕೊಂಡಿದ್ನಿ, ಅವಂಗ ಹಬ್ಬಾ ಆಗಿತ್ತು. ಒಬ್ಬರ ಮಗಳನ್ನ ಉಳಿಸಾಕ ಹೋಗಿ ನನ್ನ ಮಗಳನ್ನ ಕೇಳ್ದನ ನಡುವ ತಂದು ನಿಂದರಿಸಿದ್ನಿ. ಬಾಯಿ ತಗಿಯೂದ್ರಾಗ ಅವ ಮೊಬೈಲ್ ತಗದು ಸುಜಾತಾಗ ಹಚ್ಚಿದ.

"ಹಲೋ ಮಾಮಾ" ಅಂತ ಆಕಿ ದನಿ ಕೇಳ್ತು.

"ಸೊಸಿ, ಒಂದ ಸಿಹಿ ಸುದ್ದಿ—"

ಹಿಂದ ಕುಂತಿದ್ದ ಶ್ರೀಶೈಲ ಕೈ ಚಾಚಿ ಅಪ್ಪನ ಕಿವಿ ಮ್ಯಾಲಿಂದ ಫೋನ್ ಕಸಗೊಂಡು ಬಂದ್ ಮಾಡಿದ.

"ಅಪ್ಪಾ, ಆಕಿ ನನ್ನ ತಂಗಿ ಇದ್ದಂಗ. ಆಕಿ ಜೋಡಿ ಸುಳ್ಳು ಹೇಳಾಕ ನನಗ ಆಗಂಗಿಲ್ಲ. ಇವತ್ತು ಆ ಹುಡುಗಿ ಮುಂದೂ ಸುಳ್ಳ ಹೇಳಿದ್ನಿ. ನನಗ ಹೆಣ್ಣು ಬ್ಯಾಡಪ್ಪಾ, ಯಾರೂ ಬ್ಯಾಡ. ನನಗ ಈಶ್ವರ ಬೇಕು."

ಯಲ್ಲಪ್ಪ ಮದ್ಲ ತಿಳೀಲಾರದವ್ರಂಗ ನೋಡಿದ. ಆಮ್ಯಾಲ ತಿಳೀತು. ಬಾಗಲಾ ತಗದು ಇಳದು ಹೋಗಿ ಕಾಲವಿ ಕಟ್ಟಿ ಮ್ಯಾಲ ಕುಂತ. ನಾವೂ ಇಳದ್ವಿ. ನೀರು ನೋಡ್ಕೋಂತ, "ಅಕ್ಕಾ, ನಿನಗ ಗೊತ್ತಿತ್ತೇನು?" ಅಂದ.

"ಗೊತ್ತಿತ್ತು."

"ನಿನ್ನ ಮುಂದ ಹೇಳ್ಯಾನ, ನನ್ನ ಮುಂದ ಹೇಳ್ಲಿಲ್ಲ." ಮಗನ ಕಡಿ ತಿರಗಿದ. "ನಿಮ್ಮವ್ವ ಹ್ವಾದ ಮ್ಯಾಲ ಒಂದ ದಿನಾ ನಿನ್ನ ಹೊಡದೇನೇನು?"

"ಇಲ್ಲಪ್ಪಾ."

"ಮತ್ತ ಯಾಕ ಅಂಜಿದಿ?"

"ಹೊಡೀತಿ ಅಂತ ಅಂಜಲಿಲ್ಲ" ಅಂದ ಶ್ರೀಶೈಲ. "ನನ್ನ ಜೋಡಿ ಮಾತು ಬಿಡ್ತಿ ಅಂತ ಅಂಜಿದ್ನಿ. ಮನ್ಯಾಗ ನಾವು ಇರೂದ ಇಬ್ರು."

ನನ್ನ ತಮ್ಮ ಮಾರಿ ಆಚಿ ಕಡಿ ಹೊಳ್ಳಿಸಿದ. ಅವನ ಬೆನ್ನು ನಡಗೂದು ನನಗ ಕಾಣಸ್ತಿತ್ತು. ಸಮಾಧಾನ ಮಾಡಾಕ ಹೋಗ್ಲಿಲ್ಲ. ನನ್ನ ಜೀವನದಾಗ ನಾ ಬಾಯಿ ಮುಚ್ಚಿ ನಿಂತದ್ದು ಕಡಿಮಿ, ಅವತ್ತು ನಿಂತ್ನಿ. ನನ್ನ ಚೀಲದಾಗ ಮೊಬೈಲ್ ಬಡ್ಕೊಳ್ಳಾಕತ್ತಿತ್ತು, ಸುಜಾತಾನ ಹಚ್ಚಿದ್ಲು. ಆಕಿ ಕಡಿಂದ ಬೈಸ್ಕೊಳ್ಳೂದು ಇನ್ನೂ ಬಾಕಿ ಇತ್ತು, ಅದು ನ್ಯಾಯಾನ ಇತ್ತು.

ಯಲ್ಲಪ್ಪ ಎದ್ದು ಧೋತರದ ಚುಂಗಿಲೆ ಮಾರಿ ಒರಸ್ಕೊಂಡ. "ನೀ ಹೇಳಿದ್ದು ನನಗ ತಿಳಿಯಂಗಿಲ್ಲ. ಸೇರಂಗೂ ಇಲ್ಲ" ಅಂದ. ಮಗಗ ಚಾವಿ ಕೊಟ್ಟ. "ತಗೋ, ನೀ ಹೊಡಿ. ನನ್ನ ಕೈ ನಿಂದ್ರವಲ್ಲವು."

ಶ್ರೀಶೈಲ ಹೊಡದ. ಅಪ್ಪ ಬಾಜೂಕ ಕುಂತ. ಸ್ವಲ್ಪ ದೂರ ಸುಮ್ಮನ ಇದ್ದು, ಒಮ್ಮೆಲೆ ಮಾತಾಡಾಕ ಚಾಲೂ ಮಾಡಿದ. ಗಿಯರ್ ಹಂಗ ಹಾಕಬ್ಯಾಡ ಅಂದ. ಈ ಹೊಲದಾವ ಕಬ್ಬಿಗಿ ನೀರು ಹೆಚ್ಚು ಬಿಟ್ಟಾನ ಅಂದ. ಗೋಕಾಕ ದಾಟಿದ ಮ್ಯಾಲ ರಸ್ತಾ ಮಾಡಿದವ್ರನ್ನ ಬೈದ, ಎಮ್ಮಿ ಸುದ್ದಿ ತಗದ, ಮುಂದ ಹೊಂಟ ಟ್ರ್ಯಾಕ್ಟರಿನ ಟ್ರೇಲರ್ ಸೊಟ್ಟ ಐತಿ ಅಂದ. ದನಿ ನಡು ನಡುವ ಒಡೀತಿತ್ತು, ನೀರು ಕುಡದು ಮತ್ತ ಚಾಲೂ ಮಾಡ್ತಿದ್ದ. ಮಗ "ಹೌದಪ್ಪಾ, ಹೌದಪ್ಪಾ" ಅನ್ಕೋಂತ ಕಣ್ಣು ಒರಸ್ಕೋತ ಹೊಡೀತಿದ್ದ. ಮಸಗುಪ್ಪಿ ಬರೂತನಾ ನನ್ನ ತಮ್ಮ ಮಾತು ನಿಂದರಸ್ಲಿಲ್ಲ.