ರೊಟ್ಟಿ ತಟ್ಟುವವರ ಸಂಘಕ್ಕೊಂದು ಹೆಸರು

ಕೆಂಡದ ಮೇಲೆ ಒಣಮೀನು ಸುಡುವ ವಾಸನೆ ಬಂದರೆ ಕನ್ನಮ್ಮನಿಗೆ ಈಗಲೂ ಚಿಕ್ಕಂದಿನ ನಟ್ಟಿಯ ದಿನಗಳು ನೆನಪಾಗುತ್ತವೆ. ಗದ್ದೆ ನಡಲು ಬಂದ ಊರವರಿಗೆಲ್ಲ ಅವ್ವ ಮಾಡುತ್ತಿದ್ದ ಅಡುಗೆಯ ವಾಸನೆ ಅದು.

ಇವತ್ತು ಮಾತ್ರ ಅವಳು ಹೊಸನಗರದ ಬಸ್‌ ನಿಲ್ದಾಣದ ಪಕ್ಕದ ತನ್ನ ರೊಟ್ಟಿ ಅಂಗಡಿಯನ್ನು ಬಿಟ್ಟುಕೊಡಲು ಬಂದಿದ್ದಳು. ಮಂಡಿ ಊದಿ, ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಪಕ್ಕದ ಅಂಗಡಿಯ ಸ್ವಾತಿ ತನ್ನ ಕೆಲಸದ ಜೊತೆಗೆ ಅವಳ ಒಲೆಯನ್ನೂ ನೋಡಿಕೊಳ್ಳುತ್ತಿದ್ದಳು. ಕನ್ನಮ್ಮನಿಗೆ ಮಂಡಿನೋವಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಅಲ್ಲಿನ ರೊಟ್ಟಿ ಅಂಗಡಿಗಳ ಹೆಂಗಸರೆಲ್ಲ ಅವಳ ಅಂಗಡಿಯಲ್ಲೇ ಸೇರಿ ತಮ್ಮ ಹೊಸ ಸಂಘಕ್ಕೆ ಹೆಸರು ಹುಡುಕುತ್ತಿದ್ದರು.

"ರೊಟ್ಟಿ ಟ್ರೇಡರ್ಸ್ ಅಸೋಸಿಯೇಷನ್ ಅಂತ ಇಡಾಣ" ಎಂದಳು ಬಿ.ಕಾಂ. ಓದಿದ ಭವ್ಯಾ.

"ಅಷ್ಟುದ್ದ ಹೇಳಷ್ಟೊತ್ತಿಗೆ ಕಾವಲಿ ಮೇಲಿನ ರೊಟ್ಟಿ ಸೀದು ಹೋಗ್ತದೆ ಮಾರಾಯ್ತಿ! ಮುಯ್ಯಾಳು ಅಂತ ಇಡು" ಎಂದಳು ಕನ್ನಮ್ಮನ ಊರಿನವಳೇ ಆದ ದುಗ್ಗಮ್ಮ.

"ಹಂಗಂದ್ರೆ?" ಕೇಳಿದಳು ಭವ್ಯಾ.

ಕನ್ನಮ್ಮನೇ ಹೇಳಿದಳು. "ಮುಯ್ಯಿ ಅಂದ್ರೆ ತಗಂಡಿದ್ದಕ್ಕೆ ತಿರುಗಿ ಕೊಡೋದು ಕಣೆ. ಇವತ್ತು ನಮ್ಮ ಗದ್ದೆಗೆ ನಿಮ್ಮನೆ ಆಳು ಬಂದ್ರೆ, ನಾಳೆ ನಿಮ್ಮ ಗದ್ದೆಗೆ ನಮ್ಮನೆ ಆಳು. ಕೂಲಿ ಮಾತೇ ಇಲ್ಲ." ಅವಳ ದನಿ ಇಳಿಯಿತು. "ತಿರುಗಿ ಕೊಡಕ್ಕಾಗ್ದೋಳು ಮುಯ್ಯಾಳು ಕರೀಬಾರ್ದು. ಸ್ವಾತಿಗೆ ನಾನು ಯಾವ ಕಾಲಲ್ಲಿ ಮುಯ್ಯಿ ತೀರಿಸ್ಲಿ? ನನ್ನ ಜಾಗ ಬೇರೆಯವ್ರಿಗೆ ಕೊಡಿ."

"ನಿಮ್ಮಪ್ಪ ಕಾಲು ಮುರ್ಕಂಡ ವರ್ಷ ನಿಮ್ಮ ಗದ್ದೆ ನಟ್ಟಿದ್ದು ಯಾರೆ?" ದುಗ್ಗಮ್ಮ ಬಿಡಲಿಲ್ಲ.

"ಊರವ್ರು."

"ಅದಕ್ಕೆ ನಿಮ್ಮಪ್ಪ ಹುಲಿಯಪ್ಪಣ್ಣ ತಿರುಗಿ ಎಂತ ಕೊಟ್ಟ?"

ಕನ್ನಮ್ಮ ಯೋಚಿಸಿದಳು. ಆ ವರ್ಷ ಅಪ್ಪ ಮರದ ನೆರಳಲ್ಲಿ ಕಾಲು ಚಾಚಿ ಕೂತು, ನಟ್ಟಿಗೆ ಹೋದವರ ಕೂಸುಗಳನ್ನೆಲ್ಲ ಆಡಿಸಿದ್ದ. ಅವು ಅವನ ಮೀಸೆ ಎಳೆದೆಳೆದು ನಗುತ್ತಿದ್ದವು.

"ನನ್ನ ತಮ್ಮನೂ ನಿಮ್ಮಪ್ಪನ ಮಡಿಲಲ್ಲೇ ಬೆಳ್ದಿದ್ದು" ಎಂದಳು ದುಗ್ಗಮ್ಮ. " ನಮ್ಮವ್ವ ಅದನ್ನೂ ಮುಯ್ಯಿ ಅಂತ್ಲೇ ಹಿಡಿದ್ಲು. ನಿಂಗೆ ಮಂಡಿನೋವು ಸರಿ, ಕೈಗೆಂತ ಆಗಿದೆ?"

"ದೊಡ್ಡಮ್ಮ, ನನ್ನ ಚಟ್ನಿನ ಗಿರಾಕಿಗಳು ಎಲೆ ತುದೀಗೆ ಸರಿಸಿ ಹೋಗ್ತಾರೆ" ಎಂದಳು ಸ್ವಾತಿ. "ನೀವು ಕೂತಲ್ಲೇ ಚಟ್ನಿ ಮಾಡಿಕೊಡಿ, ನಿಮ್ಮ ಒಲೆ ನಾನು ನೋಡ್ಕಳ್ತೀನಿ."

ಎಲ್ಲರ ಜೊತೆ ಕನ್ನಮ್ಮನಿಗೂ ನಗು ತಡೆಯಲಾಗಲಿಲ್ಲ. ಭವ್ಯಾ 'ಮುಯ್ಯಾಳು' ಎಂದು ಬರೆದುಕೊಂಡಳು. ಯಾರೋ ಸದ್ದಿಲ್ಲದೆ ಕುರ್ಚಿಯೊಂದನ್ನು ತಂದು ಒಲೆಯ ಪಕ್ಕದಲ್ಲಿಟ್ಟರು.

ಮಧ್ಯಾಹ್ನ ತೀರ್ಥಹಳ್ಳಿ ಬಸ್ಸು ಬಂದು ನಿಂತಾಗ ಎರಡೂ ಅಂಗಡಿಯ ಮುಂದೆ ಜನ ಮುತ್ತಿದರು. ಸ್ವಾತಿಗೆ ಉಣ್ಣಲೂ ಬಿಡುವಿರಲಿಲ್ಲ. ಗಲಾಟೆ ತುಸು ತಗ್ಗಿದಾಗ ಕನ್ನಮ್ಮ ಬಾಳೆಲೆಯಲ್ಲಿ ಎರಡು ಬಿಸಿ ರೊಟ್ಟಿ ಇಟ್ಟು, ಮೇಲೆ ಚಟ್ನಿ ಬಡಿಸಿ, ಅವಳತ್ತ ಚಾಚಿದಳು.