ಅರವತ್ತೊಂದು ಜನಕ್ಕೊಂದೇ ಪಾಸ್‌ವರ್ಡ್

ಶನಿವಾರ ಬೆಳಗಿನ ದೋಣಿ ದ್ವೀಪ ಬಿಟ್ಟು ಇಲೋಯ್ಲೊ ನಗರದ ಕಡೆಗೆ ಹೊರಟ ಮೇಲೆ ಊರಿನವರು ಒಬ್ಬೊಬ್ಬರಾಗಿ ಡೋರಿಂಗಳ ಅಂಗಡಿ ಜಗಲಿಗೆ ಬಂದು ಕೂರುತ್ತಿದ್ದರು. ಅಂಗಡಿಯಲ್ಲಿ ಸೋಪು, ಒಣಮೀನು, ಬೆಂಕಿಪೊಟ್ಟಣ ಎಲ್ಲ ಇದ್ದವು. ಆದರೆ ಆ ಹೊತ್ತಿನಲ್ಲಿ ಅವರು ಬರುತ್ತಿದ್ದುದು ತಮ್ಮ ಇಮೇಲ್ ಕೇಳುವುದಕ್ಕೆ.

ಹಡಗಿನ ಕಂಪನಿ, ವಿಮೆಯವರು, ಪಿಂಚಣಿ ಕಚೇರಿ, ಹೀಗೆ ಎಲ್ಲರೂ ಇಮೇಲ್ ವಿಳಾಸ ಕೇಳತೊಡಗಿದಾಗ ಇಡೀ ಊರಿನಲ್ಲಿ ಕಂಪ್ಯೂಟರ್ ಇದ್ದದ್ದು ಡೋರಿಂಗಳ ಬಳಿ ಮಾತ್ರ. ಅವಳೇ ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ವಿಳಾಸ ಮಾಡಿಕೊಟ್ಟಿದ್ದಳು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಆದರೆ ಇಮೇಲ್ ಮಾತ್ರ ಆ ಜಗಲಿ ಬಿಟ್ಟು ಕದಲಲಿಲ್ಲ. ಓದಲು ಬಾರದವರು ಯಾರೂ ಇರಲಿಲ್ಲ. ಹಾಗೆ ನಡೆದುಬಂದಿತ್ತು, ಅಷ್ಟೆ. ಅವಳು ಜೋರಾಗಿ ಓದುವಳು. ಪತ್ರ ಯಾರದೋ ಅವರು ತಲೆಯಾಡಿಸುವರು. ಉಳಿದವರು ನಗುವರು, ಇಲ್ಲವೇ ಗಲ್ಲಕ್ಕೆ ಕೈ ಹಚ್ಚುವರು. ಐವತ್ತೆಂಟರ ಡೋರಿಂಗ್ ಊರಿಗೆಲ್ಲ ಅಕ್ಕ, 'ನಾಂಗ್ ಡೋರಿಂಗ್'.

ಒಂದು ಬುಧವಾರ ಖಾಸಗಿ ಮಾಹಿತಿಯ ಕಾಯಿದೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯಿಂದ ಪಾಲ್ಮಾರೆಸ್ ಎಂಬ ಹುಡುಗಿ ಬಂದಳು. ಊರೂರು ತಿರುಗಿ ಹೊಸ ನಿಯಮ ತಿಳಿಸುವುದು ಅವಳ ಕೆಲಸ. ಜಗಲಿಯಲ್ಲಿ ಕೂತು ಎಳನೀರು ಕುಡಿಯುತ್ತ ಡೋರಿಂಗ್ ವಿಳಾಸಗಳನ್ನು ಬರೆದಿಟ್ಟಿದ್ದ ನೋಟ್‌ಬುಕ್ ತಿರುವಿದವಳು ಮೂರನೆಯ ಪುಟಕ್ಕೇ ನಿಂತುಬಿಟ್ಟಳು.

"ನಾಂಗ್, ಇದರಲ್ಲಿ ಅರವತ್ತೊಂದು ಹೆಸರಿವೆ. ಎಲ್ಲರಿಗೂ ಒಂದೇ ಪಾಸ್‌ವರ್ಡಾ?"

"ಹೂಂ ಮತ್ತೆ. ನಮ್ಮೂರು ಕಾಯೋ ಸಂತನ ಹೆಸರು, ಮುಂದೆ ಹಬ್ಬದ ತಾರೀಖು."

"ಯಾಕೆ?"

"ಬೇರೆ ಬೇರೆ ಇಟ್ಟರೆ ಮರೆತುಹೋಗಲ್ವೇನಮ್ಮಾ?"

ಕಂಬಕ್ಕೆ ಒರಗಿ ಕೂತಿದ್ದ ಮುದುಕ ಕೂಲಾಸ್ ಬೊಚ್ಚು ಬಾಯಿ ತೆರೆದು ನಕ್ಕ. ನಲವತ್ತು ವರ್ಷ ದೋಣಿ ನಡೆಸಿದವನು. ಈಗ ನಡೆಸುತ್ತಿದ್ದುದು ಬಾಯಿ ಮಾತ್ರ. "ಸಂತನಿಗೇ ಗೊತ್ತಿರೋ ವಿಷಯ ನಮ್ಮ ಡೋರಿಂಗ್‌ಗೆ ಗೊತ್ತಾದ್ರೆ ಏನು ಮುಳುಗಿಹೋಯ್ತು, ಮಗಳೇ? ನನಗೆ ಬರೋದೇ ಚಪ್ಪಲಿ ಮಾರೋರ ಪತ್ರ. ಯಾರು ಬೇಕಾದ್ರೂ ಓದ್ಕೊಳ್ಳಲಿ."

"ಇನ್ನೊಬ್ಬರ ಪತ್ರ ತೆರೆಯೋ ಹಾಗಿಲ್ಲ ಅಜ್ಜ. ಕಾನೂನು."

"ಪತ್ರ ನಂದು, ಇಷ್ಟ ನಂದು. ಮಧ್ಯ ಸರ್ಕಾರ ಯಾಕೆ ಮೂಗು ತೂರಿಸ್ಬೇಕು?"

"ಇಷ್ಟ ಅಂದ್ರಲ್ಲ," ಎಂದಳು ಪಾಲ್ಮಾರೆಸ್ ಮೆಲ್ಲಗೆ, "ಅದನ್ನ ಇದುವರೆಗೆ ಯಾರಾದ್ರೂ ನಿಮ್ಮನ್ನ ಕೇಳಿದ್ರಾ?"

ಕೂಲಾಸ್ ತಲೆ ಕೆರೆದುಕೊಳ್ಳುತ್ತ ಡೋರಿಂಗಳ ಕಡೆ ನೋಡಿದ.

ಪಾಲ್ಮಾರೆಸ್ ಚೀಲದಿಂದ ಹಾಳೆಗಳ ಕಟ್ಟು ತೆಗೆದಿಟ್ಟಳು. ಹಾಳೆಯಲ್ಲಿದ್ದದ್ದು ಒಂದೇ ಪ್ರಶ್ನೆ: ನನ್ನ ಇಮೇಲನ್ನು ತಿಯೊಡೋರಾ ಗಾಲ್ಯೆಗೊ, ಅಂದರೆ ಡೋರಿಂಗ್, ತೆರೆದು ಓದಬಹುದು, ಓದಬಾರದು. ಎರಡರಲ್ಲಿ ಒಂದಕ್ಕೆ ಗುರುತು, ಕೆಳಗೆ ಸಹಿ. ಓದಬಾರದು ಎಂದವರಿಗೆ ಅವರ ವಿಳಾಸ ಬಿಟ್ಟುಕೊಡಬೇಕು, ಪಾಸ್‌ವರ್ಡ್ ಅವರೇ ಬದಲಾಯಿಸಿಕೊಳ್ಳಬೇಕು.

ಶನಿವಾರ ಸಂಜೆಗೆ ಹಾಳೆಗಳೆಲ್ಲ ಬಿಸ್ಕತ್ತಿನ ಡಬ್ಬಿಯೊಳಗೆ ಸೇರಿದ್ದವು. ಡೋರಿಂಗ್ ಒಂದೊಂದಾಗಿ ಬಿಡಿಸಿದಳು. ಓದಬಹುದು, ಓದಬಹುದು. ಕೂಲಾಸ್ ಗುರುತಿನ ಪಕ್ಕದಲ್ಲಿ ಒಂದು ದೋಣಿಯನ್ನೂ ಬರೆದಿದ್ದ. ಡೋರಿಂಗಳ ಎದೆ ತುಂಬಿಬಂತು. ನಲವತ್ತೇಳನೆಯ ಹಾಳೆಯಲ್ಲಿ ಗುರುತು ಎರಡನೆಯದಕ್ಕಿತ್ತು. ಅವಳು ಕನ್ನಡಕ ಒರೆಸಿ ಮತ್ತೆ ನೋಡಿದಳು. ಸಹಿ ಫೆಲಿಸಾಳದು.

ಬೇರೆ ಯಾರದಾಗಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಫೆಲಿಸಾ ಒಂದನೆಯ ಕ್ಲಾಸಿನಿಂದ ಜೊತೆಗಿದ್ದವಳು. ಮಾವಿನ ಸುಗ್ಗಿಯಲ್ಲಿ ಇಬ್ಬರೂ ಎದುರುಬದುರು ಕೂತು ಪ್ಯಾಕಿಂಗ್ ಮಾಡಿದವರು. ಒಬ್ಬಳ ಮಗುವಿಗೆ ಇನ್ನೊಬ್ಬಳು ಹಾಲೂಡಿಸಿದವರು. ತಾನು ಯಾರ ಗುಟ್ಟನ್ನು ಎಲ್ಲಿ ಚೆಲ್ಲಿದೆನೆಂದು ಡೋರಿಂಗ್ ಭಾನುವಾರವೆಲ್ಲ ನೆನಪು ಕೆದಕಿದಳು. ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಫೆಲಿಸಾ ಎದುರಾದಳು, ಕತ್ತಿಗೆ ಸುತ್ತಿದ ಹಳದಿ ವಸ್ತ್ರ ಸರಿಮಾಡಿಕೊಂಡಳು, ಬಿಸಿಲಿನ ಬಗ್ಗೆ ಏನೋ ಅಂದಳು. ಡೋರಿಂಗ್ ಹೂಂಗುಟ್ಟಿ ಸರಿದುಹೋದಳು.

ಸೋಮವಾರ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದು, ಫೆಲಿಸಾಳ ವಿಳಾಸವನ್ನು ತನ್ನ ಪಟ್ಟಿಯಿಂದ ತೆಗೆಯಲು ಕೂತಳು. ಪರದೆಯ ಎಡಬದಿಗೆ ಅರವತ್ತೊಂದು ಹೆಸರು, ಪ್ರತಿಯೊಂದರ ಕೆಳಗೂ ಕೊನೆಯ ಪತ್ರ ಕಳಿಸಿದವರ ಹೆಸರು. ಫೆಲಿಸಾಳ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ, ಇಲೋಯ್ಲೊದ ಆಸ್ಪತ್ರೆಯೊಂದರ ಪ್ರಯೋಗಾಲಯ.

ಅವಳ ಕೈ ಅಲ್ಲೇ ನಿಂತಿತು. ಹಳದಿ ವಸ್ತ್ರ. ಮೇ ತಿಂಗಳ ಸೆಕೆಯಲ್ಲೂ ಫೆಲಿಸಾ ಅದನ್ನು ಬಿಚ್ಚಿರಲಿಲ್ಲ. ಕಳೆದ ತಿಂಗಳು ಎರಡು ಸಲ ನಗರಕ್ಕೆ ಹೋಗಿದ್ದಳು, ಚಿಕ್ಕಮ್ಮನ ಮಗಳನ್ನು ನೋಡಲು ಎಂದು ಹೇಳಿ.

ಪಾಸ್‌ವರ್ಡ್ ಇನ್ನೂ ಸಂತನ ಹೆಸರೇ. ಒಂದು ಸಲ ಒತ್ತಿದರೆ ಸಾಕಿತ್ತು. ಸುದ್ದಿ ಕೆಟ್ಟದಾಗಿದ್ದರೆ ತಾನು ಮೊದಲು ಅತ್ತು ಮುಗಿಸಿ, ಮುಖ ತೊಳೆದು, ಅವಳಿಗೆ ಮೆತ್ತಗೆ ಹೇಳಬಹುದು. ಅವಳ ಒಳ್ಳೆಯದಕ್ಕೇ ಅಲ್ಲವೇ? ಡೋರಿಂಗ್ ಮೌಸಿನಿಂದ ಕೈ ತೆಗೆದಳು. ಆಮೇಲೆ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ ಫೆಲಿಸಾಳ ಮನೆಗೆ ನಡೆದಳು.

ಫೆಲಿಸಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ನಿನಗೊಂದು ಪತ್ರ ಬಂದಿದೆ. ನಾನು ತೆರೆದಿಲ್ಲ. ಯಾರು ಕಳ್ಸಿದ್ದು ಅಂತ ಕಣ್ಣಿಗೆ ಬಿತ್ತು, ಅಷ್ಟೇ."

ಫೆಲಿಸಾ ಕೈಯಲ್ಲಿದ್ದ ಲಂಗವನ್ನು ಇನ್ನೊಮ್ಮೆ ಹಿಂಡಿದಳು. ಅದರಲ್ಲಿ ನೀರೇ ಉಳಿದಿರಲಿಲ್ಲ.

"ಎರಡು ದಿನ ಮುಖ ಊದಿಸ್ಕೊಂಡಿದ್ಯಲ್ಲ, ಸಾಕಾಯ್ತಾ?"

"ನನ್ನ ಹತ್ರ ಮುಚ್ಚಿಟ್ಯಲ್ಲೇ, ಫೆಲಿಸಾ. ನನ್ನ ಹತ್ರ!"

"ಕೂತ್ಕೋ." ಫೆಲಿಸಾ ತಾನೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. "ಅಮಾಡೊ ತೀರ್ಕೊಂಡ ವರ್ಷದ ಹಬ್ಬ ನೆನಪಿದ್ಯಾ?"

ನೆನಪಿಲ್ಲದೆ ಏನು? ಆರು ವರ್ಷದ ಹಿಂದೆ, ಹಬ್ಬದ ಬೆಳಿಗ್ಗೆಯೇ ಹಡಗಿನ ಕಂಪನಿಯ ಪತ್ರ ಬಂದಿತ್ತು. ಫೆಲಿಸಾಳ ಗಂಡ ಅಮಾಡೊ ಯಾವುದೋ ದೂರದ ಬಂದರಿನಲ್ಲಿ ಎದೆನೋವು ಬಂದು ಹೋಗಿಬಿಟ್ಟಿದ್ದ. ಡೋರಿಂಗ್ ಓದಿ, ಮುಚ್ಚಿ, ಇಡೀ ದಿನ ನಗುತ್ತ ಓಡಾಡಿದ್ದಳು. ಫೆಲಿಸಾ ಹಬ್ಬದೂಟವಾದರೂ ನೆಮ್ಮದಿಯಾಗಿ ಉಣ್ಣಲಿ ಎಂದು ಸಂಜೆವರೆಗೆ ಬಾಯಿ ಬಿಟ್ಟಿರಲಿಲ್ಲ.

"ನಾನು ಹೊಸ ಬಟ್ಟೆ ಹಾಕ್ಕೊಂಡು ಕುಣಿದೆ, ಡೋರಿಂಗ್. ಬೆಳಗ್ಗೆಯಿಂದ ಸಂಜೆವರೆಗೆ ನಾನು ವಿಧವೆ, ಅದು ನಿನಗೊಬ್ಬಳಿಗೇ ಗೊತ್ತು. ನನಗೆ ಗೊತ್ತಿಲ್ಲ."

"ನಿನ್ನ ಒಳ್ಳೇದಕ್ಕೇ ಕಣೇ..."

"ಅದು ನನಗೆ ಗೊತ್ತಿಲ್ವಾ? ಅನ್ನ ಬಡಿಸ್ತಾ ನಿನ್ನ ಕೈ ನಡುಗ್ತಿತ್ತು. ಬಿಸಿಲಿಗೆ ಇರ್ಬೇಕು ಅಂದ್ಕೊಂಡೆ." ಫೆಲಿಸಾ ಕತ್ತಿನ ವಸ್ತ್ರ ಬಿಚ್ಚಿದಳು. ಗಂಟಲ ಪಕ್ಕದಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡದೊಂದು ಗಂಟು. ಅದರ ಮೇಲೆ ಸೂಜಿ ಚುಚ್ಚಿದ ಗುರುತು. "ಇನ್ನೊಂದು ದಿನ ನೀನು ಹಾಗೆ ನಗೋದು ಬೇಡ ನನಗೆ. ಅಷ್ಟೇ ಅಲ್ಲ, ಇದು ನನ್ನ ಕತ್ತು. ಒಂದು ಸಲನಾದ್ರೂ ನನ್ನ ಸುದ್ದಿ ನನಗೇ ಮೊದ್ಲು ಗೊತ್ತಾಗ್ಲಿ."

"ನಂಗೆ ಹೇಳ್ಬಹುದಿತ್ತಲ್ಲೇ, ಮೊದ್ಲೇ."

"ಹೇಗೆ ಹೇಳೋದು? ಯಾರೂ ಕೇಳಿರ್ಲಿಲ್ವಲ್ಲ. ಆ ಹುಡುಗಿ ಹಾಳೇಲಿ ಕೇಳಿದ್ಲು, ಹೇಳ್ದೆ."

ಡೋರಿಂಗ್ ಆ ಗಂಟನ್ನು ಬೆರಳ ತುದಿಯಿಂದ ಮುಟ್ಟಿದಳು. ಕೋಳಿಮರಿಯನ್ನು ಮುಟ್ಟುವ ಹಾಗೆ. ಆಮೇಲೆ ಬಕೆಟ್ಟಿನಲ್ಲಿ ಉಳಿದಿದ್ದ ಎರಡು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು.

ಇಬ್ಬರೂ ಅಂಗಡಿಗೆ ಬಂದರು. ಡೋರಿಂಗ್ ಪಾಸ್‌ವರ್ಡ್ ಬದಲಾಯಿಸುವ ಜಾಗ ತೋರಿಸಿದಳು.

"ಹೊಸದನ್ನ ಇಲ್ಲಿ ಒತ್ತು. ಎಂಟು ಅಕ್ಷರಕ್ಕಿಂತ ಕಮ್ಮಿ ಆಗ್ಬಾರ್ದು."

"ಆ ಕಡೆ ತಿರುಗು."

"ನೋಡ್ತಾ ಇಲ್ಲ ಮಾರಾಯ್ತಿ."

"ತಿರುಗು ಅಂದ್ರೆ."

ಡೋರಿಂಗ್ ಸಮುದ್ರದ ಕಡೆ ತಿರುಗಿದಳು. ಬೆನ್ನ ಹಿಂದೆ ಒಂದೊಂದೇ ಕೀಲಿಯ ಸದ್ದು. ಒಂದು, ಎರಡು, ಮೂರು. ತಾನು ಎಣಿಸುತ್ತಿದ್ದೇನೆಂದು ನಾಲ್ಕನೆಯದಕ್ಕೆ ಅವಳಿಗೆ ಅರಿವಾಯಿತು. ಎಷ್ಟು ಅಕ್ಷರ ಎಂಬುದೂ ಫೆಲಿಸಾಳದೇ ಅಲ್ಲವೇ? ಅವಳು ಗಟ್ಟಿಯಾಗಿ ಜೋಗುಳವೊಂದನ್ನು ಹಾಡತೊಡಗಿದಳು.

"ನಿನ್ನ ರಾಗಕ್ಕೆ ಮೀನೆಲ್ಲ ಓಡಿಹೋಗುತ್ತೆ," ಎಂದಳು ಫೆಲಿಸಾ. ಆದರೂ ನಿಲ್ಲಿಸು ಎನ್ನಲಿಲ್ಲ.

ಹಾಡು ಮುಗಿಯುವಷ್ಟರಲ್ಲಿ ಕೀಲಿಯ ಸದ್ದು ನಿಂತಿತ್ತು. ಫೆಲಿಸಾ ಪತ್ರ ಓದಿಕೊಳ್ಳಲಿ ಎಂದು ಡೋರಿಂಗ್ ಹೊರಗೆ ಹೋಗಿ, ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸಿದಳು. ಮೂರನೆಯ ಸಲ ಗುಡಿಸುವಾಗ ಕುರ್ಚಿ ಸರಿದ ಸದ್ದಾಯಿತು.

"ಚಾಕೊಲೇಟ್ ಉಂಡೆ ಇದ್ಯಾ?" ಫೆಲಿಸಾ ಒಳಗಿನಿಂದ ಕೇಳಿದಳು. "ಕುದಿಸ್ತೀನಿ, ಕುಡಿಯೋಣ."

ಡೋರಿಂಗಳ ಅಡುಗೆಮನೆಯಲ್ಲಿ ಯಾವ ವಸ್ತು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ನೀರಿಟ್ಟಳು, ಉಂಡೆ ಹಾಕಿದಳು, ಮರದ ಕಡಗೋಲನ್ನು ಎರಡು ಅಂಗೈ ನಡುವೆ ಹಿಡಿದು ನೊರೆ ಬರುವ ತನಕ ತಿರುಗಿಸಿದಳು. ಅವಳ ಮುಖದಲ್ಲಿ ನಗುವಿತ್ತು. ಆ ನಗುವಿನಿಂದ ಏನನ್ನೂ ತಿಳಿಯುವ ಹಾಗಿರಲಿಲ್ಲ. ಅಂಥದೇ ನಗುವನ್ನು ಡೋರಿಂಗ್ ಒಮ್ಮೆ ಬೆಳಗಿನಿಂದ ಸಂಜೆಯವರೆಗೆ ಹೊತ್ತಿದ್ದಳು. ಆವತ್ತು ತನ್ನ ಎದುರಿಗೆ ಕೂತು ಉಂಡವಳು ಹೇಗೆ ಕತ್ತಲಲ್ಲಿದ್ದಳೆಂದು ಅವಳಿಗೆ ಈಗ ಮೊದಲ ಸಲ ತಿಳಿಯಿತು. ಕೇಳಬೇಕೆಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಲೋಟವನ್ನು ಬಿಸಿಗೆ ಎಂಬಂತೆ ಕೆಳಗಿಟ್ಟಳು.

ಫೆಲಿಸಾ ಒಂದು ಗುಟುಕು ಕುಡಿದಳು, ಮತ್ತೊಂದು ಕುಡಿದಳು. ಆಮೇಲೆ ಲೋಟದೊಳಗೆ ನೋಡುತ್ತ, "ಕೆಟ್ಟ ಗಡ್ಡೆ ಅಲ್ವಂತೆ," ಎಂದಳು. "ಆರು ತಿಂಗ್ಳು ಬಿಟ್ಟು ಇನ್ನೊಂದ್ಸಲ ತೋರಿಸ್ಬೇಕಂತೆ. ಎರಡು ಸಲ ಓದ್ದೆ."

ಡೋರಿಂಗ್ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಲೋಟ ಅರ್ಧ ಆಗೋ ತನಕ ಕಾಯಿಸಿದ್ಯಲ್ಲೇ, ಪಾಪಿ!"

"ನೀನು ಸಂಜೆ ತನಕ ಕಾಯಿಸಿದ್ದೆ." ಫೆಲಿಸಾ ಅವಳ ಕೈ ಹಿಡಿದುಕೊಂಡಳು. "ಲೆಕ್ಕ ತೀರಿಸೋಕಲ್ಲ ಕಣೇ. ಸ್ವಲ್ಪ ಹೊತ್ತು ಅದು ನನ್ನೊಬ್ಬಳದೇ ಆಗಿರ್ಲಿ ಅನ್ನಿಸ್ತು."

ಹೊರಗೆ ಕೂಲಾಸ್ ಕೋಲೂರಿಕೊಂಡು ಬಂದು, ಅರ್ಧ ಬಾಗಿಲೊಳಗೆ ತಲೆ ತೂರಿಸಿ, "ಏನು ಸುದ್ದಿ?" ಎಂದ.

ಡೋರಿಂಗಳ ಬಾಯಿ ತಾನಾಗಿ ತೆರೆದುಕೊಂಡಿತು. ಅವಳು ಅದನ್ನು ಮುಚ್ಚಿ ಫೆಲಿಸಾಳ ಕಡೆ ನೋಡಿದಳು.

"ಶನಿವಾರ ಬಾ ಕೂಲಾಸಣ್ಣ," ಎಂದಳು ಫೆಲಿಸಾ. "ಜಗಲಿ ಮೇಲೆ ಒಂದು ಪತ್ರ ಓದೋದಿದೆ. ನಾನೇ ಓದ್ತೀನಿ."